ಬೀಳಲೊಲ್ಲದ ಎಲೆ

ಜೂನ್ 4

ಮಾನ್ಯರೇ,

ಈ ವಿಳಾಸದಲ್ಲಿ ತಾವು ಈಗಲೂ ಇದ್ದೀರೆಂಬ ಖಾತ್ರಿಯಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮ ವಿಜ್ಞಾನ ಸಂಗ್ರಹಾಲಯದ ಬೆಳಕಿನ ಕೋಣೆಯಲ್ಲಿ ತಾವು ಮಾಡಿದ ಉಪಕರಣವೊಂದಿದೆ. ಮರದ ಪೀಠ, ಹಿತ್ತಾಳೆಯ ಕಂಬ, ಕಂಬದ ನೆತ್ತಿಯ ಮೇಲೆ ಅಂಗೈಯಗಲದ ಸತುವಿನ ತಗಡು. ಬುಡದಲ್ಲಿ ಗಾಜಿನ ಕಿಟಕಿಯ ಪುಟ್ಟ ಪೆಟ್ಟಿಗೆ, ಅದರೊಳಗೆ ಮೇಜು ಮುಟ್ಟಿದರೂ ನಡುಗುವಷ್ಟು ತೆಳುವಾದ ಚಿನ್ನದ ಎಲೆ. ದೂಳು ಒರೆಸಲೆಂದು ಮೊನ್ನೆ ಪೀಠವನ್ನು ಓರೆ ಮಾಡಿದಾಗ ಅಡಿಯಲ್ಲಿ ತಮ್ಮ ಕಾರ್ಯಾಗಾರದ ವಿಳಾಸ ಕೊರೆದಿರುವುದು ಕಂಡಿತು.

ತೊಂದರೆ ಇಷ್ಟು. ಉಣ್ಣೆಗೆ ಉಜ್ಜಿದ ಪ್ಲಾಸ್ಟಿಕ್ ಕೋಲನ್ನು ಕಂಬಕ್ಕೆ ತಾಕಿಸಿದರೆ ಎಲೆ ರೆಕ್ಕೆಯಂತೆ ಮೇಲೇಳುತ್ತದೆ. ಆಮೇಲೆ ತಗಡಿನ ಮೇಲೆ ನೇರಳಾತೀತ ದೀಪ ಬಿಟ್ಟಾಗ, ಬೆಳಕು ತಗಡಿನಿಂದ ಎಲೆಕ್ಟ್ರಾನುಗಳನ್ನು ಹೊರಗಟ್ಟಿ, ವಿದ್ಯುತ್ತು ಕಳೆದುಕೊಂಡ ಎಲೆ ಕೆಳಗೆ ಬೀಳಬೇಕು. ‘ದ್ಯುತಿವಿದ್ಯುತ್ ಪರಿಣಾಮ’ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಎಲೆ ಅದನ್ನು ಓದಿಕೊಂಡಂತೆ ಕಾಣುವುದಿಲ್ಲ. ಎದ್ದದ್ದು ಎದ್ದೇ ಇರುತ್ತದೆ.

ಆಗಸ್ಟ್ 20ಕ್ಕೆ ಕೋಣೆ ಹೊಸದಾಗಿ ತೆರೆಯಲಿದೆ. ಅಷ್ಟರೊಳಗೆ ಎಲೆ ಬೀಳದಿದ್ದರೆ ಉಪಕರಣವನ್ನು ಉಗ್ರಾಣಕ್ಕೆ ಹಾಕಿ, ಆ ಜಾಗದಲ್ಲಿ ಎಲೆ ಬೀಳುವ ಚಿತ್ರ ತೋರಿಸುವ ಪರದೆಯೊಂದನ್ನು ಹಾಕುತ್ತೇವೆಂದು ನಿರ್ದೇಶಕರು ಹೇಳಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ತಗಡು ಮೂವತ್ತೊಂದು ವರ್ಷದ ನಂತರವೂ ನಿನ್ನೆ ತಂದಂತೆ ಹೊಳೆಯುತ್ತಿದೆ. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ. ತೊಂದರೆ ಕೊಟ್ಟಿದ್ದಕ್ಕೆ ಮತ್ತೊಮ್ಮೆ ಕ್ಷಮಿಸಿ.

ಇಂತು,
ಪ್ರದರ್ಶನ ವಿವರಣೆ ವಿಭಾಗ

*

ಜೂನ್ 13

ಪ್ರದರ್ಶನ ವಿಭಾಗದ ಹಿರಿಯರಿಗೆ,

ನನ್ನ ಕೈ ನಡುಗುತ್ತದೆ, ಕಣ್ಣೂ ಮಂಜು. ನಾನು ಹೇಳುತ್ತೇನೆ, ನನ್ನ ಹೆಂಡತಿ ಬರೆಯುತ್ತಾಳೆ. (ಹೇಳಿದ್ದನ್ನಷ್ಟೇ ಬರೆಯಬೇಕೆಂದು ಅಪ್ಪಣೆಯಾಗಿದೆ. ನೋಡೋಣ.)

ತಾವು ವಿಜ್ಞಾನವನ್ನು ಅರೆದು ಕುಡಿದವರು. ನಾನು ಏಳನೇ ಕ್ಲಾಸು. ಆದರೂ ಎಲೆ ಓದಿಕೊಂಡಿಲ್ಲ ಎಂದು ಕೊಂಕು ಆಡುವ ಮೊದಲು ಓದಿಕೊಂಡವರು ಕೆಲವು ಸಂಗತಿ ನೋಡಬೇಕಿತ್ತು. ಉಪಕರಣವನ್ನು ಗಾಜಿನ ಕಪಾಟಿನಲ್ಲಿಟ್ಟು ಹೊರಗಿನಿಂದ ದೀಪ ಬಿಡುತ್ತಿದ್ದೀರಿ, ಹೌದೋ ಇಲ್ಲವೋ? ಗಾಜು ನಮ್ಮ ಕಣ್ಣಿಗಷ್ಟೇ ದಾರಿ ಬಿಡುತ್ತದೆ. ನೇರಳಾತೀತವನ್ನು ನುಂಗಿ ಕೂರುತ್ತದೆ. ಮೊದಲು ಕಪಾಟು ತೆಗೆಯಿರಿ. ಕೋಲು ಪ್ಲಾಸ್ಟಿಕ್ಕಿನದೇ ಇರಲಿ, ತಗಡಿಗೆ ಋಣ ವಿದ್ಯುತ್ತೇ ಬೇಕು. ಗಾಜಿನ ಕೋಲು ರೇಷ್ಮೆಗೆ ಉಜ್ಜಿ ಧನ ವಿದ್ಯುತ್ತು ಕೊಟ್ಟರೆ ಯಾರಪ್ಪ ಬಂದರೂ ಎಲೆ ಬೀಳುವುದಿಲ್ಲ. ದೀಪದ ಕೊಳವೆ ಹಳತಾಗಿದ್ದರೆ ಬದಲಿಸಿ. ಮತ್ತೆ, ಆ ದೀಪವನ್ನು ಬರಿಗಣ್ಣಲ್ಲಿ ನೋಡಬೇಡಿ.

ಹೊಳಪಿನ ವಿಷಯ ಬರೆದಿದ್ದೀರಿ. ಅದು ನನ್ನ ಕೈಗುಣ. ಇಲ್ಲಿ ನನ್ನ ಮೇಜಿನ ಮೇಲೆ ಇಪ್ಪತ್ತು ಸಲ ಎಲೆ ಬೀಳಿಸಿಯೇ ಆ ಉಪಕರಣವನ್ನು ಕಳಿಸಿದ್ದು. ಅಲ್ಲಿ ಉದ್ಘಾಟನೆಯ ದಿನವೂ ಎಲ್ಲ ಚೆನ್ನಾಗಿಯೇ ನಡೆಯಿತು. (ಇಷ್ಟು ಹೇಳಿ ಎದ್ದು ಹೋಗಿ ನೀರು ಕುಡಿದು ಬಂದರು. ನಾನು ಪೆನ್ನು ಹಿಡಿದುಕೊಂಡೇ ಕೂತಿದ್ದೆ.)

ಉಪಕರಣದಲ್ಲಿ ದೋಷವಿಲ್ಲ. ಬಳಸುವವರನ್ನು ವಿಚಾರಿಸಿ.

*

ಜೂನ್ 22

ಮಾನ್ಯರೇ,

ತಾವು ಉತ್ತರಿಸಿದ್ದು ನೋಡಿ ಎಷ್ಟು ಸಂತೋಷವಾಯಿತೆಂದರೆ, ಬೈಗುಳ ಗಮನಕ್ಕೆ ಬಂದದ್ದು ಎರಡನೇ ಸಲ ಓದಿದಾಗ. ಕೊಂಕು ಆಡುವ ಉದ್ದೇಶ ಖಂಡಿತ ಇರಲಿಲ್ಲ, ಕ್ಷಮಿಸಿ.

ಉಪಕರಣ ಗಾಜಿನ ಕಪಾಟಿನಲ್ಲೇ ಇತ್ತು! ಅದನ್ನು ತೆಗೆಸುವುದು ಸುಲಭವಾಗಲಿಲ್ಲ. ಇಲ್ಲಿ ಕೋಣೆ ಕಾಯುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ದೊಡ್ಡಪ್ಪ ಎನ್ನುತ್ತೇವೆ. ‘ಮುಟ್ಟಬಾರದು’ ಎಂಬ ಫಲಕದ ಪಕ್ಕದಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಸೊಂಟದ ಬೀಗದಕೈ ಗೊಂಚಲನ್ನು ಎರಡು ಕೈಯಲ್ಲೂ ಮುಚ್ಚಿಕೊಂಡು, “ತೆಗೆದ್ರೆ ಜನ ಮುಟ್ತಾರೆ ಕಣಮ್ಮ. ಮುಟ್ಟಿದ್ರೆ ಮುಗೀತು,” ಎಂದರು. ನಿರ್ದೇಶಕರ ಸಹಿಯ ಚೀಟಿ ತೋರಿಸಿದ ಮೇಲೆ ಬೀಗ ತೆಗೆದು, ಬೆನ್ನು ತಿರುಗಿಸಿ ನಿಂತರು. ನೋಡಲಾಗಲಿಲ್ಲವೇನೋ.

ಕಪಾಟು ಹೋಯಿತು. ದೀಪಕ್ಕೆ ಹೊಸ ಕೊಳವೆ ಬಂತು. ಕೋಲು ಪ್ಲಾಸ್ಟಿಕ್ಕಿನದೇ. ಕಪ್ಪು ಕನ್ನಡಕ ಹಾಕಿಕೊಂಡು ಮಧ್ಯಾಹ್ನವಿಡೀ ನಿಂತೆ. ಎಲೆ ಬೀಳಲಿಲ್ಲ.

ಬೆಳಕು ಸಾಲದೇನೋ, ಸಿನಿಮಾದವರ ದೊಡ್ಡ ದೀಪ ತರಿಸೋಣವೇ ಎಂದು ನಿರ್ದೇಶಕರು ಕೇಳುತ್ತಿದ್ದಾರೆ. ತರಿಸಬಹುದೇ?

*

ಜುಲೈ 1

ಹಿರಿಯರೇ,

ಸಿನಿಮಾ ದೀಪ ತಂದರೆ ತಗಡು ಬಿಸಿಯಾದೀತು, ನಿಮ್ಮ ನಿರ್ದೇಶಕರ ತಲೆಯೂ ಬಿಸಿಯಾದೀತು, ಎಲೆ ಬೀಳುವುದಿಲ್ಲ. ಬೆಳಕು ಇಲ್ಲಿ ನೀರಿನಂತೆ ಸುರಿಯುವುದಲ್ಲ ಸ್ವಾಮಿ, ಕಾಳಿನಂತೆ ಬೀಳುವುದು. ಒಂದು ಕಾಳಿನ ಪೆಟ್ಟಿಗೆ ಒಂದು ಎಲೆಕ್ಟ್ರಾನು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಮಾಮೂಲು ದೀಪದ ಕಾಳು ಹತ್ತಿಯ ಉಂಡೆ. ಮರದ ಕಾಯಿಗೆ ಹತ್ತಿಯನ್ನು ಮೂಟೆಗಟ್ಟಲೆ ಎಸೆದರೂ ಕಾಯಿ ಅಲ್ಲಾಡುವುದಿಲ್ಲ. ನೇರಳಾತೀತದ್ದು ಕಲ್ಲು. ಒಂದೇ ಸಾಕು. ಎಷ್ಟು ಎಸೆದಿರಿ ಅನ್ನುವುದಲ್ಲ, ಏನು ಎಸೆದಿರಿ ಅನ್ನುವುದು. ನನಗೆ ಇದನ್ನು ಹೇಳಿಕೊಟ್ಟ ಮೇಷ್ಟರು ಹೀಗೆಯೇ ಹೇಳಿದ್ದರು. ಇಷ್ಟು ಓದಿದ ತಮಗೆ ಇದನ್ನು ನಾನು ಹೇಳಬೇಕೇ?

ದೀಪ ಸರಿ, ಕೋಲು ಸರಿ ಎಂದರೆ ಬೇರೇನೂ ನನಗೆ ಹೊಳೆಯುತ್ತಿಲ್ಲ. ಉಗ್ರಾಣಕ್ಕೆ ಹಾಕುವುದಾದರೆ ಹಾಕಿ.

(ಇನ್ನೊಂದು ಚೀಟಿಯಲ್ಲಿ)

ಮಗಳೇ, ಇದು ನನ್ನದು, ಅವರು ಹೇಳಿದ್ದಲ್ಲ. ದೊಡ್ಡಪ್ಪ ನಿನ್ನನ್ನು ‘ಕಣಮ್ಮ’ ಅಂದದ್ದನ್ನು ನೀನೇ ಬರೆದುಬಿಟ್ಟಿದ್ದೀಯ. ಓದಿ ಹೇಳುವವಳು ನಾನು ತಾನೇ, ‘ಕಣಯ್ಯ’ ಅಂತ ಓದಿದೆ. ಯಾರೋ ದೊಡ್ಡ ವಿಜ್ಞಾನಿ ತನ್ನ ಹತ್ತಿರ ಸಲಹೆ ಕೇಳುತ್ತಿದ್ದಾರೆ ಅಂತ ಇವರು ತಿಂಗಳಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುತ್ತಿದ್ದಾರೆ. ಇರಲಿ ಬಿಡು. ನನಗಂತೂ ಮೊದಲ ಪತ್ರದಲ್ಲೇ ಅನುಮಾನ. ಒಂದು ಕಾಗದದಲ್ಲಿ ಎರಡು ಸಲ ಕ್ಷಮೆ ಕೇಳುವ ವಿಜ್ಞಾನಿಯನ್ನು ನಾನು ನೋಡಿಲ್ಲ.

ಉದ್ಘಾಟನೆಯ ದಿನ ಏನೂ ಚೆನ್ನಾಗಿ ನಡೆಯಲಿಲ್ಲ ಮಗಳೇ. ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ದೀಪ ಬಿಟ್ಟರು. ಎಲೆ ನಿಂತೇ ಇತ್ತು. ಯಾರೋ “ಎಲೆಗೆ ನಿದ್ದೆ ಬಂದಿದೆ” ಅಂದರು, ಸಭೆಯೆಲ್ಲ ನಕ್ಕಿತು. ನಾವಿಬ್ಬರೂ ಕೊನೇ ಸಾಲಿನಲ್ಲಿದ್ದೆವು, ಇವರು ಹೊಸ ಅಂಗಿ ಹಾಕಿಕೊಂಡು. ಅಂದಿನಿಂದ ಬೇರೆಯವರ ತಕ್ಕಡಿ, ಹೊಲಿಗೆ ಯಂತ್ರ ರಿಪೇರಿ ಮಾಡಿದರೇ ಹೊರತು ಹೊಸದಾಗಿ ಒಂದು ತಿರುಪನ್ನೂ ಮಾಡಲಿಲ್ಲ. ನೀನು ಎಲೆ ಓದಿಕೊಂಡಿಲ್ಲ ಅಂತ ಬರೆದದ್ದು ಅದಕ್ಕೇ ಅಷ್ಟು ಚುಚ್ಚಿದ್ದು. ನಿನ್ನ ತಪ್ಪಲ್ಲ. ಆದರೆ ನಿಲ್ಲಿಸಬೇಡ.

*

ಜುಲೈ 11

ಮಾನ್ಯರೇ,

ಒಂದು ಅನಾಹುತವಾಗಿದೆ, ಒಂದು ಅದ್ಭುತವೂ ಆಗಿದೆ. ಎರಡೂ ಒಂದೇ.

ಕೋಣೆಗೆ ಬಣ್ಣ ಹೊಡೆಯುತ್ತಿದ್ದಾರೆ. ಕಪಾಟಿಲ್ಲದ ಉಪಕರಣ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಿನ್ನೆ ಬೆಳಿಗ್ಗೆ ಒಂದು ಕೋಟಿಂಗ್ ಒಣಗುವವರೆಗೆ ಏನು ಮಾಡುವುದೆಂದು ತೋಚದೆ, ಬಣ್ಣದವರಿಬ್ಬರು ಬಟ್ಟೆ ಸರಿಸಿ, ತಮ್ಮ ಸತುವಿನ ತಗಡಿನ ಮೇಲೆ ಮೊಳೆಯಿಂದ ಸೊನ್ನೆ-ಕತ್ತರಿ ಆಡಿದ್ದಾರೆ! ಒಂಬತ್ತು ಮನೆಗಳನ್ನು ನೀಟಾಗಿ ಗೀಚಿ, ಒಬ್ಬ ಸೊನ್ನೆಯನ್ನೂ ಇನ್ನೊಬ್ಬ ಕತ್ತರಿ ಗುರುತನ್ನೂ ತುಂಬಿದ್ದಾರೆ. ದೊಡ್ಡಪ್ಪ ಕೂಗಿದ್ದು ಬೀದಿಗೆ ಕೇಳಿಸಿತು. “ಇಪ್ಪತ್ತಾರು ವರ್ಷ! ಇಪ್ಪತ್ತಾರು ವರ್ಷ ಒಂದು ಬೆರಳು ಬೀಳೋಕೆ ಬಿಟ್ಟಿರ್ಲಿಲ್ಲ!” ಅಂತ ಅಳುವುದೊಂದು ಬಾಕಿ. ಬಣ್ಣದವರಲ್ಲಿ ಒಬ್ಬ, “ಆಟ ಮುಗಿದೂ ಇರ್ಲಿಲ್ಲ ಯಜಮಾನ್ರೇ, ಇನ್ನೊಂದೇ ಮನೆ ಇತ್ತು,” ಎಂದು ನಮಗೇ ನ್ಯಾಯ ಕೇಳಿದ. ಅವನು ಹೇಳಿದ್ದು ನಿಜ. ಮೇಲಿನ ಸಾಲಿನಲ್ಲಿ ಕತ್ತರಿ, ಸೊನ್ನೆ, ಸೊನ್ನೆ. ನಟ್ಟನಡುವೆ ಕತ್ತರಿ. ಕೆಳಗಿನ ಬಲಮೂಲೆ ಖಾಲಿ. ಅಲ್ಲೊಂದು ಕತ್ತರಿ ಬಿದ್ದಿದ್ದರೆ ಮೂಲೆಯಿಂದ ಮೂಲೆಗೆ ಮೂರು ಕತ್ತರಿ ಕೂಡಿ ಅವನು ಗೆಲ್ಲುತ್ತಿದ್ದ.

ಕೆಟ್ಟಿದೆಯೇ ನೋಡೋಣವೆಂದು ಕೋಲು ತಾಕಿಸಿ ದೀಪ ಬಿಟ್ಟೆ. ಎಲೆ ಬಿತ್ತು.

ಧಡಕ್ಕನೆ ಅಲ್ಲ, ಮೂರು ನಿಮಿಷ ತೆಗೆದುಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ. ಆದರೆ ಬಿತ್ತು. ದೀಪವಿಲ್ಲದೆ ಮೂರು ನಿಮಿಷ ಬಿಟ್ಟು ನೋಡಿದೆ, ಆಗ ಬೀಳಲಿಲ್ಲ. ಮತ್ತೆ ದೀಪ ಬಿಟ್ಟೆ, ಬಿತ್ತು. ಮಧ್ಯಾಹ್ನದ ಹೊತ್ತಿಗೆ ಇನ್ನೂ ನಿಧಾನವಾಯಿತು. ಇವತ್ತು ಮತ್ತೆ ಹಳೆಯ ಹಟ.

ಇವತ್ತು ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಕೂತಿದ್ದೆ. ನಿನ್ನೆ ಬೆಳ್ಳಗಿದ್ದ ಗೀರು ಈಗ ಬೂದು. ಆದರೆ ಸುತ್ತಲಿನ ತಗಡು ಎಂದಿನಂತೆ ಹೊಳೆಯುತ್ತಿದೆ. ಬರಿಯ ಸತು ಒಂದೇ ದಿನದಲ್ಲಿ ಮಂಕಾಗುವುದಾದರೆ ಮೂವತ್ತೊಂದು ವರ್ಷ ಹೊಳೆದದ್ದು ಏನು? ಗೀರಿನ ಅಂಚಿನಲ್ಲಿ ಈರುಳ್ಳಿಯ ಒಳಸಿಪ್ಪೆಯಂಥ ಪೊರೆಯೊಂದು ಎದ್ದಿದೆ. ತಮ್ಮನ್ನು ಕೇಳಲು ಸಂಕೋಚವಾಗುತ್ತದೆ. ತಗಡಿನ ಮೇಲೆ ಏನಾದರೂ ಹಚ್ಚಿದ್ದಿರಾ?

(ಇನ್ನೊಂದು ಚೀಟಿಯಲ್ಲಿ)

ಅಜ್ಜೀ, ನಾನು ಓದಿದ್ದು ಸಾಹಿತ್ಯ. ಇಲ್ಲಿ ಹೆಸರುಫಲಕ ಬರೆಯುವುದು ನನ್ನ ಕೆಲಸ. ಆಗಸ್ಟ್ ಇಪ್ಪತ್ತರಂದು ಎಲೆ ಬೀಳಿಸಿ, ಜನರಿಗೆ ವಿವರಿಸಿ ಹೇಳಬೇಕಾದವಳೂ ನಾನೇ. ನಾಲ್ಕು ಜನ ತಿರುಗಿ ನೋಡಿದರೆ ನನ್ನ ನಾಲಿಗೆ ಅಂಟಿಕೊಳ್ಳುತ್ತದೆ. ಪರದೆ ಬಂದರೆ ನಾನು ಮಾತಾಡಬೇಕಾಗಿಲ್ಲ. ಆದರೂ ಪರದೆ ಬರಬಾರದೆಂದು ಯಾಕೆ ಅನ್ನಿಸುತ್ತಿದೆಯೋ ಗೊತ್ತಿಲ್ಲ. ಅಜ್ಜನಿಗೆ ಈ ಪ್ರಶ್ನೆ ನೋವು ಮಾಡುವುದಾದರೆ ಓದಿ ಹೇಳಬೇಡಿ.

*

ಜುಲೈ 23

ಮಾನ್ಯರೇ,

ಹನ್ನೆರಡು ದಿನವಾಯಿತು. ಪತ್ರ ತಲುಪಿತೋ ಇಲ್ಲವೋ. ಆ ಪೊರೆಯನ್ನು ತೆಗೆದರೆ ಎಲೆ ಬೀಳಬಹುದೆಂದು ನನಗೆ ಅನ್ನಿಸುತ್ತದೆ. ನಿರ್ದೇಶಕರು, “ಉಜ್ಜಿಬಿಡಿ, ಅದಕ್ಕೇನು,” ಎನ್ನುತ್ತಾರೆ. ಮಾಡಿದವರನ್ನು ಕೇಳದೆ ನಾನು ಕೈ ಹಚ್ಚಲಾರೆ.

*

ಜುಲೈ 31

ಮಾನ್ಯರೇ,

ಪರದೆಯ ಚೌಕಟ್ಟು ಬಂದಿದೆ. ಗೋಡೆಗೆ ನಾಲ್ಕು ತೂತು ಕೊರೆದಾಗಿದೆ. ದೊಡ್ಡಪ್ಪ ಅವುಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ತೂತು ಮುಚ್ಚಿಡಲಿಕ್ಕೋ ಕಾಯಲಿಕ್ಕೋ ಹೇಳುವುದಿಲ್ಲ. ಬೇಸರ ಮಾಡಿದ್ದರೆ ಕ್ಷಮಿಸಿ.

*

ಆಗಸ್ಟ್ 5

ಉಜ್ಜಿಬಿಡು.

(ಇದು ಅವರ ಸ್ವಂತ ಕೈಬರಹ. ಒಂದು ಪದಕ್ಕೆ ಕಾಲು ಗಂಟೆ. ಇನ್ನು ಮುಂದೆ ನಾನು.)

ಮಗಳೇ, ನಿನ್ನ ಪತ್ರ ಬಂದ ದಿನವೇ ಓದಿ ಹೇಳಿದೆ, ಚೀಟಿಯನ್ನೂ ಸೇರಿಸಿ. ಸಾಕು ಈ ಕಣಯ್ಯನ ಆಟ ಅನ್ನಿಸಿತು. ‘ಹಚ್ಚಿದ್ದಿರಾ’ ಅನ್ನುವಲ್ಲಿಗೆ ಬಂದಾಗ ಇವರು ಎದ್ದು ಒಳಗೆ ಹೋದರು, ಚೀಟಿಯನ್ನು ಬಾಗಿಲಾಚೆಯಿಂದಲೇ ಓದಿದೆ. ಎರಡು ವಾರ ನಮ್ಮ ಮನೆಯಲ್ಲಿ ಮಾತಾಡಿದ್ದು ಗಡಿಯಾರ ಮಾತ್ರ.

ವಿಷಯ ಏನೆಂದರೆ, ಹಿತ್ತಾಳೆ ಕೆಲಸದವರಿಗೆ ಒಂದು ರೂಢಿ. ಯಾವ ಉಪಕರಣವೇ ಆಗಲಿ, ಕೊನೆಗೆ ಅರಗಿನ ವಾರ್ನಿಷ್ಷನ್ನು ಕೂದಲಿನಷ್ಟು ತೆಳುವಾಗಿ ಎಳೆದರೇ ಕೆಲಸ ಮುಗಿದ ಹಾಗೆ. ಹೊಳಪು ಹೋಗುವುದಿಲ್ಲ, ಕೈಗುರುತು ನಿಲ್ಲುವುದಿಲ್ಲ. ಮೇಜಿನ ಮೇಲೆ ಇಪ್ಪತ್ತು ಸಲ ಎಲೆ ಬಿದ್ದಾಗ ತಗಡು ಬರಿಯದಾಗಿತ್ತು. ಕಳಿಸುವ ದಿನ ಬೆಳಿಗ್ಗೆ ಕಂಬಕ್ಕೆ ಹಚ್ಚುತ್ತಾ ಹಚ್ಚುತ್ತಾ, ದೊಡ್ಡವರೆಲ್ಲ ನೋಡುವುದಲ್ಲವೇ ಅಂತ ಅದೇ ಕುಂಚವನ್ನು ತಗಡಿನ ಮೇಲೂ ಎಳೆದಿದ್ದಾರೆ. ಪ್ರೀತಿಯಿಂದ ಎಳೆದದ್ದು. ಆ ಪೊರೆ ಬೆಳಕನ್ನೂ ಒಳಗೆ ಬಿಡಲಿಲ್ಲ, ಎಲೆಕ್ಟ್ರಾನನ್ನೂ ಹೊರಗೆ ಬಿಡಲಿಲ್ಲ. ಮೂವತ್ತೊಂದು ವರ್ಷ ಇವರು ದೀಪವನ್ನು ಬೈದರು, ಗಾಳಿಯನ್ನು ಬೈದರು, ತಗಡು ಮಾರಿದವನನ್ನು ಬೈದರು. ಕುಂಚದ ನೆನಪೇ ಬರಲಿಲ್ಲ. ಅದು ಇವರ ಕೈಗೆ ಉಸಿರಾಟವಿದ್ದ ಹಾಗೆ.

ಮೊನ್ನೆ ಬೆಳಿಗ್ಗೆ ಅಟ್ಟದಿಂದ ನಿಮ್ಮಲ್ಲಿರುವಂಥದೇ ಹಳೆಯ ಚಿನ್ನದ ಎಲೆಯ ಪೆಟ್ಟಿಗೆಯನ್ನೂ ಒಂದು ಚೂರು ಸತುವನ್ನೂ ಇಳಿಸಿಕೊಂಡರು. ತಗಡನ್ನು ಎರಡು ತುಂಡು ಮಾಡಿ, ಒಂದಕ್ಕೆ ವಾರ್ನಿಷ್ ಹಚ್ಚಿ ಒಣಗಿಸಿ, ಇನ್ನೊಂದನ್ನು ಉಜ್ಜಿ, “ಬಾ,” ಅಂದರು. ಎಲ್ಲಿಗೆ ಅಂದರೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ! ಇದ್ದ ಒಂದು ದೀಪ ಆಗಲೇ ಉಪಕರಣದ ಜೊತೆ ನಿಮ್ಮಲ್ಲಿಗೆ ಬಂದಿತ್ತಲ್ಲ. ವೆಲ್ಡಿಂಗ್ ಕಿಡಿಯಲ್ಲಿ ಬೇಕಾದಷ್ಟು ನೇರಳಾತೀತ ಇರುತ್ತದಂತೆ. ಅಂಗಡಿಯವನು ನಮ್ಮಿಬ್ಬರಿಗೂ ಕಬ್ಬಿಣದ ಮುಖವಾಡ ಹಾಕಿ ನಿಲ್ಲಿಸಿ, “ತಾತಾ, ಗೇಟು ಬೆಸೆಸೋಕೆ ಬಂದ್ರೋ, ತಗಡು ಹೆದರ್ಸೋಕೆ ಬಂದ್ರೋ?” ಅಂದ.

“ನೀನು ಕಿಡಿ ಹೊತ್ತಿಸಪ್ಪ. ಅದು ಹೆದರುತ್ತೋ ಇಲ್ವೋ ಆಮೇಲೆ ನೋಡೋಣ.”

ದೂರ ನಿಂತು ಮೊದಲು ವಾರ್ನಿಷ್ ಹಚ್ಚಿದ್ದನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಕೋಲು ತಾಕಿಸಿ, ಕಿಡಿಗೆ ಒಡ್ಡಿದರು. ಎಲೆ ನಿಂತಿತ್ತು. ಆಮೇಲೆ ಉಜ್ಜಿದ್ದನ್ನು. ನನಗೆ ಮುಖವಾಡದ ಕಿಟಕಿಯಲ್ಲಿ ಕಿಡಿ ಬಿಟ್ಟು ಬೇರೇನೂ ಕಾಣಲಿಲ್ಲ. ಕಿಡಿ ನಿಂತ ಮೇಲೆ ಮುಖವಾಡ ಎತ್ತಿ ನೋಡಿದರೆ ಎಲೆ ಕೆಳಗಿತ್ತು. ಇವರು ನಗುತ್ತಿದ್ದರು. “ನಾನೇ ಕಣೇ! ನಾನೇ ಹಚ್ಚಿದ್ದು! ಉಪಕರಣ ಸರಿಯಾಗೇ ಇತ್ತು!” ಅಂತ ಇಡೀ ಬೀದಿಗೆ ಸಾರಿದರು. ತಪ್ಪು ತನ್ನದೇ ಅಂತ ಗೊತ್ತಾದಾಗ ಇಷ್ಟು ಖುಷಿಪಟ್ಟ ಇನ್ನೊಬ್ಬ ಗಂಡಸನ್ನು ನಾನು ನೋಡಿಲ್ಲ. ಅಂಗಡಿಯವನು ಇವರಿಗಾಗಿ ಇನ್ನೂ ಆರು ಸಲ ಕಿಡಿ ಹೊತ್ತಿಸಿದ.

ಮನೆಗೆ ಬರುವಾಗ ನಿನ್ನ ವಿಷಯ ಬಂತು. “ಹಾಗಾದ್ರೆ ಅವರು ಹಿರಿಯರಲ್ವಾ?” ಅಂದರು. “ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು,” ಅಂದೆ. “ಅದಕ್ಕೇ ಕಣ್ಣು ಅಷ್ಟು ಚುರುಕು,” ಅಂದರು.

ಅವರ ಪೆಟ್ಟಿಗೆಯಲ್ಲಿದ್ದ ಮರಳುಕಾಗದದ ಚೂರನ್ನು ಇದರೊಳಗೆ ಇಟ್ಟಿದ್ದೇನೆ. ಪೊರೆ ಪೂರ್ತಿ ಹೋಗಬೇಕು, ತಗಡು ಬೆಳ್ಳಗಾಗಬೇಕು. ಸತು ಗಾಳಿಗೆ ಬೇಗ ಮಂಕಾಗುವುದರಿಂದ ಪ್ರತಿ ಸಲ ತೋರಿಸುವ ಮುಂಚೆ ಮತ್ತೆ ಉಜ್ಜಬೇಕಂತೆ. ಮತ್ತೆ, ನಿನ್ನ ನಾಲಿಗೆಯ ವಿಚಾರ: ನಮಗೆ ಇಷ್ಟೆಲ್ಲ ಬರೆದವಳು ನೀನೇ. ಅಲ್ಲಿ ನಮ್ಮಿಬ್ಬರಿಗೇ ಹೇಳುತ್ತಿದ್ದೀಯ ಅಂದುಕೋ.

*

ಆಗಸ್ಟ್ 21

ಅಜ್ಜನವರಿಗೆ, ಅಜ್ಜಿಯವರಿಗೆ,

ನಿನ್ನೆಯದನ್ನು ಮೊದಲಿನಿಂದ ಹೇಳುತ್ತೇನೆ.

ಕೋಣೆ ತುಂಬಿತ್ತು. ಗೋಡೆಯ ತೂತುಗಳಿಗೆ ಪರದೆ ಇನ್ನೂ ಹತ್ತಿರಲಿಲ್ಲ. ಕೆಲಸದವನು ತಿರುಪುಗಳ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಎಲೆ ಬೀಳದಿದ್ದರೆ ಅರ್ಧ ಗಂಟೆಯಲ್ಲಿ ಹಾಕಿಬಿಡು ಎಂದು ಅವನಿಗೆ ಹೇಳಿದ್ದರು. ನನ್ನ ಕೈಯಲ್ಲಿ ನಾಲ್ಕು ಪುಟ ಬರೆದ ಭಾಷಣವಿತ್ತು. ಮೊದಲ ವಾಕ್ಯ “ಬೆಳಕು” ಎಂದು ಶುರುವಾಗುತ್ತದೆ. “ಬೆ” ಎಂದೆ. ಅಷ್ಟೇ. ಎಲ್ಲರೂ ನೋಡುತ್ತಿದ್ದರು.

ಆಗ ಕಾಗದ ಕೆಳಗಿಟ್ಟು ಉಜ್ಜಲು ಶುರು ಮಾಡಿದೆ. ಉಜ್ಜುವಾಗ ಮಾತಾಡಬೇಕಾಗಿಲ್ಲವಲ್ಲ! ಆ ಕೆಲಸವನ್ನು ನಿನ್ನೆಗೆಂದೇ ಉಳಿಸಿಕೊಂಡಿದ್ದೆ. ಮೊದಲೇ ಉಜ್ಜಿ, ಎಲೆ ಬೀಳದೆ ಹೋಗಿದ್ದರೆ ತಮಗೆ ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ಹೊಳಪು ಹೋಗಿ ಬಿಳಿ ಬಂತು. ಕೋಣೆಯಲ್ಲಿ ಕರ ಕರ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬರು, “ಅದ್ಯಾಕಮ್ಮ ಅಷ್ಟು ಚೆನ್ನಾಗಿರೋದನ್ನ ಕೆಡಿಸ್ತೀಯ?” ಎಂದರು.

“ಇದನ್ನ ಮಾಡಿದ ಅಜ್ಜ ಹೇಳಿದ್ದಾರೆ,” ಎಂದೆ. ಅಲ್ಲಿಂದ ಹೇಗೆ ಮಾತು ಹೊರಟಿತೋ ಗೊತ್ತಿಲ್ಲ. ಮೇಜು, ಇಪ್ಪತ್ತು ಸಲ, ಕುಂಚ, ನಗಾಡಿದ ಸಭೆ, ಸೊನ್ನೆ-ಕತ್ತರಿ, ವೆಲ್ಡಿಂಗ್ ಅಂಗಡಿ, ಹತ್ತಿ ಮತ್ತು ಕಲ್ಲು ಎಲ್ಲ ಹೇಳಿದೆ. ಎಲ್ಲರಿಗೂ ಕಪ್ಪು ಕನ್ನಡಕ ಹಂಚಿದೆವು. ಕೋಲು ತಾಕಿಸಿದೆ, ಎಲೆ ಎದ್ದಿತು. ಮೊದಲು ಸಿನಿಮಾದ ದೊಡ್ಡ ದೀಪ ಬಿಟ್ಟೆ, ಹೌದು, ನಿರ್ದೇಶಕರು ತರಿಸಿಯೇಬಿಟ್ಟಿದ್ದರು. ಕೋಣೆಯೆಲ್ಲ ಬೆಳ್ಳಗಾಯಿತು, ಎಲೆ ಮಿಸುಕಲಿಲ್ಲ. “ಹತ್ತಿ!” ಎಂದು ಯಾರೋ ಕೂಗಿದರು. ಅದನ್ನು ಆರಿಸಿ ನಮ್ಮ ಪುಟ್ಟ ದೀಪ ಹಚ್ಚಿದೆ.

ಅಜ್ಜಾ, ನಾಲ್ಕು ಎಣಿಸುವಷ್ಟರಲ್ಲಿ ಎಲೆ ಬಿತ್ತು.

ನಡುವೆ ಗಾಜು ಹಿಡಿದೆ, ನಿಂತಿತು. ತೆಗೆದೆ, ಬಿತ್ತು. “ಇನ್ನೊಂದ್ಸಲ!” ಎಂದರು. ಹನ್ನೊಂದು ಸಲವಾಯಿತು. ನಡುನಡುವೆ ಉಜ್ಜಬೇಕಲ್ಲ, ನಾನು ಉಜ್ಜುತ್ತೇನೆ, ನಾನು ಉಜ್ಜುತ್ತೇನೆ ಎಂದು ಸಾಲು ನಿಂತಿತು. ದೊಡ್ಡಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಎದ್ದು, ತಮ್ಮ ‘ಮುಟ್ಟಬಾರದು’ ಫಲಕವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ಮರಳುಕಾಗದ ಹಂಚಲು ನಿಂತರು. “ಒಬ್ಬೊಬ್ರೇ ಬನ್ನಿ. ಅಲ್ಲಲ್ಲ, ಹಾಗಲ್ಲ, ಬಲವಾಗಿ ಉಜ್ಜಬೇಕು. ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಿ, ನನಗೆ ಗೊತ್ತಿಲ್ವಾ?” ತಿರುಪು ಹಿಡಿದು ನಿಂತಿದ್ದವನೂ ಡಬ್ಬಿ ಕೆಳಗಿಟ್ಟು ಸಾಲಿಗೆ ಬಂದ. ಪರದೆ ಈಗ ಉಗ್ರಾಣದಲ್ಲಿದೆ.

ಒಂದೇ ಬೇಸರ. ಉಜ್ಜಿದಾಗ ಆ ಸೊನ್ನೆ-ಕತ್ತರಿಯೂ ಹೋಯಿತು. ಇಷ್ಟಕ್ಕೆಲ್ಲ ಕಾರಣವಾದ ಆಟ ಮುಗಿಯದೇ ಉಳಿಯಿತು. ಬಣ್ಣದವನು ಬಂದಿದ್ದ. “ನಾನು ಗೆಲ್ತಿದ್ದೆ,” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ತಮ್ಮ ಮೊಮ್ಮಗಳು ಎನ್ನಬಹುದಾದರೆ,
ತಮ್ಮ ಮೊಮ್ಮಗಳು

*

ಸೆಪ್ಟೆಂಬರ್ 3

ಮೊಮ್ಮಗಳೇ,

ನಿನ್ನ ಪತ್ರವನ್ನು ಇವಳ ಕೈಲಿ ಮೂರು ಸಲ ಓದಿಸಿದೆ. (ಐದು ಸಲ.) ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸಲ. (ಅದು ಬೇರೆ.)

ಹನ್ನೊಂದು ಸಲಕ್ಕೇ ಸಾಲು ನಿಂತಿದೆ ಎಂದರೆ ಹೀಗೆ ಉಜ್ಜಿದರೆ ಆ ತಗಡು ಎಷ್ಟು ವರ್ಷ ಬಂದೀತು? ಅದಕ್ಕೇ ಹೊಸದೊಂದು ಮಾಡಿ ಕಳಿಸಿದ್ದೇನೆ. (ಮೂವತ್ತೊಂದು ವರ್ಷದ ನಂತರ ಮಾಡಿದ ಮೊದಲ ವಸ್ತು. ಕತ್ತರಿಸಿದ್ದು, ಅರ ಹಾಕಿದ್ದು, ತೂತು ಕೊರೆದದ್ದು ಎಲ್ಲ ಅವರೇ. ಕೈ ನಡುಗಲಿಲ್ಲವೇ ಅಂದರೆ, ಪೆನ್ನು ಹಿಡಿದರೆ ಮಾತ್ರ ನಡುಗುತ್ತಂತೆ! ನನಗೆ ಬರೆಯುವ ಕೆಲಸ ಹಚ್ಚಲು ಹೂಡಿದ ಆಟ ಅಂತ ನನ್ನ ಅನುಮಾನ.) ಕಂಬದ ತಿರುಪಿಗೆ ಸರಿಯಾಗಿ ಕೂರುತ್ತದೆ.

ಮುಂಭಾಗಕ್ಕೆ ಏನೂ ಹಚ್ಚಿಲ್ಲ. ಬರಿಯ ಸತು. (ಕುಂಚ ಕೈಗೆ ಬಂದಿತ್ತು. ನಾನು ಕೆಮ್ಮಿದೆ. ಕೆಳಗಿಟ್ಟರು.) ಹಿಂಭಾಗಕ್ಕೆ ಮಾತ್ರ ವಾರ್ನಿಷ್ ಎಳೆದಿದ್ದೇನೆ. ಅಲ್ಲಿ ಬೆಳಕಿನ ಕೆಲಸವಿಲ್ಲ, ಅಲ್ಲಿ ಬರೆದದ್ದು ಅಳಿಸಬಾರದು. ತಿರುಗಿಸಿ ನೋಡು. ನಿನ್ನ ಪತ್ರದಲ್ಲಿದ್ದ ಹಾಗೆಯೇ ಒಂಬತ್ತು ಮನೆ ಕೊರೆದಿದ್ದೇನೆ. ಮೇಲಿನ ಸಾಲು ಕತ್ತರಿ, ಸೊನ್ನೆ, ಸೊನ್ನೆ. ನಡುವೆ ಕತ್ತರಿ.

ಕೆಳಗಿನ ಬಲಮೂಲೆಯನ್ನು ನಾನು ತುಂಬಿದ್ದೇನೆ. ಬಣ್ಣದವನಿಗೆ ಹೇಳು, ಅವನು ಗೆದ್ದ.